ದಾವಣಗೆರೆ ಮಕ್ಕಳಿಗೆ ನಮ್ಮ ಭಾಷಣ ಬೇಕಾಗಿಲ್ಲ

ದಾವಣಗೆರೆ, ಚಿತ್ರದುರ್ಗದ ಪಿಯು ಮಕ್ಕಳಿಗೆ ಅಮೆರಿಕದಲ್ಲಿರುವ ಕನ್ನಡಿಗರಾದ ನಾವು ಇಲ್ಲಿಂದಲೇ ಮಾರ್ಗದರ್ಶನ ಮಾಡೋಣ ಎಂದು ನಮ್ಮ ಗುಂಪಿನಲ್ಲಿ ಬಂದ ಮಾತಿಗೆ ನನ್ನದೂ ಒಪ್ಪಿಗೆ. ಆದರೆ ತಿಂಗಳಿಗೊಂದು ಝೂಮ್ ಭಾಷಣ ಇಟ್ಟು, ಕಷ್ಟಪಟ್ಟರೆ ನೀವೂ ಅಮೆರಿಕಕ್ಕೆ ಬರಬಹುದು ಅಂತ ಹೇಳುವುದಾದರೆ ನನ್ನನ್ನು ಬಿಟ್ಟುಬಿಡಿ. ಅಂಥ ಮಾತು ಅವರಿಗೆ ಶಾಲೆಯ ವಾರ್ಷಿಕೋತ್ಸವದಲ್ಲೇ ಬೇಕಾದಷ್ಟು ಸಿಗುತ್ತದೆ.

ಜಗಳೂರು ಕಡೆಯ ಹಳ್ಳಿಯಲ್ಲಿ ಕನ್ನಡ ಮಾಧ್ಯಮದಲ್ಲಿ ಓದಿದ ಹುಡುಗಿ ಇದ್ದಾಳೆ ಅಂದುಕೊಳ್ಳಿ. ಎಂಜಿನಿಯರಿಂಗ್‌ನಂಥ ಕೋರ್ಸುಗಳ ಪ್ರವೇಶ ಪರೀಕ್ಷೆಯಾದ ಸಿಇಟಿಯಲ್ಲಿ ಗ್ರಾಮೀಣ ಕೋಟಾ ಶೇ. 15, ಕನ್ನಡ ಮಾಧ್ಯಮಕ್ಕೆ ಶೇ. 5. ಒಂದರಿಂದ ಹತ್ತನೇ ಕ್ಲಾಸಿನವರೆಗೆ ಹಾಗೆ ಓದಿದವರಿಗೆ ಇದು ಸಿಗುತ್ತದೆ. ಅರ್ಜಿಯಲ್ಲಿ ಅದನ್ನು ಕೇಳದೇ ಬಿಟ್ಟರೆ ಹೋಯಿತು. ಮನೆಯಲ್ಲಿ ಹೇಳುವವರಿಲ್ಲ, ಸೈಬರ್ ಸೆಂಟರಿನವನು ತುಂಬಿದ್ದೇ ಅರ್ಜಿ. ಆಮೇಲೆ ಆಪ್ಷನ್ ಎಂಟ್ರಿ, ಅಂದರೆ ಬೇಕಾದ ಕಾಲೇಜುಗಳನ್ನು ಆದ್ಯತೆಯ ಕ್ರಮದಲ್ಲಿ ಹಾಕುವುದು. ಸುಲಭವಾಗಿ ಸಿಗುವ ಕಾಲೇಜನ್ನು ಭಯಕ್ಕೆ ಮೊದಲು ಹಾಕಿದರೆ ಅದೇ ಗಂಟುಬೀಳುತ್ತದೆ. ದಾವಣಗೆರೆಯ ಯುಬಿಡಿಟಿ ಎಂಜಿನಿಯರಿಂಗ್ ಕಾಲೇಜು ಬೇಕಿದ್ದರೆ ಯುಬಿಡಿಟಿಯೇ ಮೇಲಿರಬೇಕು. ಇಷ್ಟು ಹೇಳೋಕೆ ಒಂದು ಫೋನ್ ಸಾಕು, ಅಲ್ವಾ?

ಪಿಯುವರೆಗೆ ಕಾಯುವುದೂ ತಡವೇ. ಸರ್ಕಾರಿ, ಅನುದಾನಿತ ಶಾಲೆಯ ಎಂಟನೇ ಕ್ಲಾಸಿನವರು ಎನ್‌ಎಂಎಂಎಸ್ ಎಂಬ ಕೇಂದ್ರ ಸರ್ಕಾರದ ವಿದ್ಯಾರ್ಥಿವೇತನದ ಪರೀಕ್ಷೆ ಬರೆದು ಆಯ್ಕೆಯಾದರೆ ಒಂಬತ್ತರಿಂದ ದ್ವಿತೀಯ ಪಿಯುವರೆಗೆ ವರ್ಷಕ್ಕೆ 12,000 ರೂಪಾಯಿ ಬರುತ್ತದೆ. ಅಷ್ಟು ದುಡ್ಡು ಎಷ್ಟೋ ಮನೆಗಳಲ್ಲಿ ಓದು ಬಿಡಿಸುವ ಮಾತನ್ನು ಮುಂದೂಡುತ್ತದೆ.

ನಮ್ಮಲ್ಲಿ ಸಿಇಟಿ ಶುರುವಾದ 1994ರ ಸುಮಾರಿಗೆ ಬರೆದವರೂ ಇದ್ದೀರಿ. ಆಗ ಆನ್‌ಲೈನ್ ಎಲ್ಲಿತ್ತು? ನೆನಪಿನಿಂದ ಸಲಹೆ ಕೊಡಬೇಡಿ, ಸಿಇಟಿ ನಡೆಸುವ ಕೆಇಎ (ಕರ್ನಾಟಕ ಪರೀಕ್ಷಾ ಪ್ರಾಧಿಕಾರ) ಆ ವರ್ಷ ಕೊಡುವ ಮಾಹಿತಿ ಪುಸ್ತಿಕೆ ತೆರೆದಿಟ್ಟುಕೊಂಡೇ ಮಾತಾಡಿ. ಹೋದ ವರ್ಷ ಸೀಟು ಪಡೆದ ಅಲ್ಲಿನ ಒಬ್ಬ ಸೀನಿಯರ್ ಜೊತೆಗಿದ್ದರೆ ಇನ್ನೂ ಒಳ್ಳೆಯದು.

ಸಮಯದ ವಿಷಯ. ನ್ಯೂಜೆರ್ಸಿಯ ಶನಿವಾರ ಬೆಳಿಗ್ಗೆ ಒಂಬತ್ತು ಅಂದರೆ ಬೇಸಿಗೆಯಲ್ಲಿ ಅಲ್ಲಿ ಸಂಜೆ ಆರೂವರೆ, ಚಳಿಗಾಲದಲ್ಲಿ ಏಳೂವರೆ. ಸ್ಮಾರ್ಟ್‌ಫೋನ್ ಅಪ್ಪನ ಜೇಬಿನಲ್ಲಿರುತ್ತದೆ. ಅವರು ಮನೆಗೆ ಬರುವ ಹೊತ್ತು ಕೇಳಿ ಆಮೇಲೆ ನಿಗದಿ ಮಾಡಿ. ಕರೆಯಲ್ಲಿ ಶಿಕ್ಷಕರೋ ಮನೆಯವರೋ ಇರಲೇಬೇಕು. ಮಕ್ಕಳ ಜೊತೆ ಬೇರೆಯಾಗಿ ವಾಟ್ಸ್‌ಆಪ್ ಬೇಡ, ದುಡ್ಡಿನ ವ್ಯವಹಾರವಂತೂ ಬೇಡವೇ ಬೇಡ.

ಇನ್ನು ನಮ್ಮ ಮಕ್ಕಳಿಂದ ಅಲ್ಲಿಯವರಿಗೆ ಇಂಗ್ಲಿಷ್ ಹೇಳಿಕೊಡಿಸಿ ಸರ್ವಿಸ್ ಅವರ್ಸ್, ಅಂದರೆ ಇಲ್ಲಿನ ಶಾಲೆಗೆ ತೋರಿಸುವ ಸಮಾಜಸೇವೆಯ ಗಂಟೆ, ಬರೆಸಿಕೊಳ್ಳುವ ಸಲಹೆಯೂ ಗುಂಪಿನಲ್ಲಿ ಬಂದಿದೆ. ಮಾತಾಡಲಿ, ಬೇಡ ಅನ್ನಲ್ಲ. ಆದರೆ ಹದಿನೈದರ ಹುಡುಗ ಹದಿನೈದರ ಹುಡುಗಿಗೆ ಮೇಷ್ಟ್ರಾಗುವುದು ನನಗೆ ಸರಿ ಕಾಣುವುದಿಲ್ಲ. ಅರ್ಧ ಗಂಟೆ ಇಂಗ್ಲಿಷ್ ಆದರೆ ಅರ್ಧ ಗಂಟೆ ಕನ್ನಡ, ಆಗ ಹೇಳಿಕೊಡುವವಳು ಅವಳು. ನಮ್ಮ ಮಕ್ಕಳ ಕನ್ನಡದ ಗತಿ ನಮಗೆ ಗೊತ್ತೇ ಇದೆ!

ಪ್ರಥಮ ಪಿಯುವಿನಿಂದ ಸೀಟು ಸಿಗುವವರೆಗೆ ಒಂದೇ ಮಗುವಿನ ಜೊತೆ ನಿಲ್ಲುವವರು ಹೆಸರು ಬರೆಯಿರಿ. ಸುಮ್ನೆ ಲೈಕ್ ಒತ್ತಬೇಡಿ.