ದೊಡ್ಡಪ್ಪ ಕಳಿಸಿದ 2520

ದೊಡ್ಡಪ್ಪ: (ಫಾರ್ವರ್ಡ್) 2520 ಜಗತ್ತಿನ ಅತಿ ವಿಚಿತ್ರ ಸಂಖ್ಯೆ! 1ರಿಂದ 10ರವರೆಗೆ ಯಾವುದರಿಂದ ಭಾಗಿಸಿದರೂ ಶೇಷ ಉಳಿಯುವುದಿಲ್ಲ. ಗುಟ್ಟು: ವಾರದ 7 ದಿನ × ತಿಂಗಳ 30 ದಿನ × ವರ್ಷದ 12 ತಿಂಗಳು. ಕಂಡುಹಿಡಿದವರು ಶ್ರೀನಿವಾಸ ರಾಮಾನುಜನ್. ಎಲ್ಲರಿಗೂ ಕಳಿಸಿ 🙏

ಅತ್ತೆ: ಅಬ್ಬಾ! ಈಗ್ಲೇ 7ರಿಂದ ಭಾಗಿಸಿ ನೋಡಿದೆ. ಸರಿಯಾಗಿ 360 ಬಂತು.

ನಾನು: ದೊಡ್ಡಪ್ಪ, ಲೆಕ್ಕ ಸರಿಯಾಗಿದೆ. ಆದರೆ ಇದರಲ್ಲಿ ವಿಚಿತ್ರ ಏನೂ ಇಲ್ಲ. ಶಾಲೆಯಲ್ಲಿ ಮಾಡಿದ ಲ.ಸಾ.ಅ. ಇದು, ಅಂದರೆ 1ರಿಂದ 10ರವರೆಗೆ ಎಲ್ಲದರಿಂದಲೂ ಭಾಗ ಹೋಗುವ ಅತಿ ಚಿಕ್ಕ ಸಂಖ್ಯೆ. 8 × 9 × 5 × 7 ಮಾಡಿ, 2520 ಬರುತ್ತದೆ. 8ರೊಳಗೆ 2, 4 ಇವೆ. 9ರೊಳಗೆ 3 ಇದೆ. 6ಕ್ಕೂ 10ಕ್ಕೂ ಬೇಕಾದದ್ದು ಅಲ್ಲೇ ಸಿಕ್ಕಿತು.

ದೊಡ್ಡಪ್ಪ: ಹಾಗಾದರೆ 7 × 30 × 12 ಹೇಗೆ ಸರಿಹೋಯಿತಮ್ಮ?

ನಾನು: ಅವೇ ಅಪವರ್ತನಗಳು, ಬೇರೆ ಥರ ಜೋಡಿಸಿದ್ದಾರೆ. 30ರಲ್ಲಿ 2, 3, 5. 12ರಲ್ಲಿ 2, 2, 3. ಜೊತೆಗೆ 7. ತಿಂಗಳಿಗೆ 31 ದಿನ ಹಿಡಿಯಿರಿ, 2604 ಆಗುತ್ತದೆ. 5ರಿಂದ ಭಾಗ ಹೋಗಲ್ಲ. ಇನ್ನು 5040, 7560 ಕೂಡ 1ರಿಂದ 10ರವರೆಗೆ ಎಲ್ಲದರಿಂದಲೂ ಭಾಗ ಹೋಗುತ್ತವೆ.

ಚಿಕ್ಕಪ್ಪ: ಇರಲಿ ಬಿಡೇ. ನಮ್ಮವರ ಹೆಸರು ನಾಲ್ಕು ಜನರ ಬಾಯಲ್ಲಿ ಬಂದರೆ ತಪ್ಪೇನು?

ನಾನು: ತಪ್ಪಿದೆ ಚಿಕ್ಕಪ್ಪ. ಆರನೇ ಕ್ಲಾಸಿನ ಲೆಕ್ಕವನ್ನು ಅವರ ಸಾಧನೆ ಅಂದರೆ ನನಗೆ ಸಂಕಟ ಆಗುತ್ತದೆ. 1915ರಲ್ಲಿ, ಕೇಂಬ್ರಿಡ್ಜ್‌ನಲ್ಲಿದ್ದಾಗ, ಅವರದೊಂದು ದೊಡ್ಡ ಲೇಖನ ಬಂತು. ಒಂದು ಸಂಖ್ಯೆಗೆ ತನಗಿಂತ ಚಿಕ್ಕ ಎಲ್ಲ ಸಂಖ್ಯೆಗಳಿಗಿಂತ ಜಾಸ್ತಿ ಭಾಜಕಗಳು ಇರಬೇಕು. ಅಂಥವು ಯಾವುವು, ಹೇಗಿರುತ್ತವೆ ಅನ್ನುವುದೇ ವಿಷಯ. 2520 ಆ ಪಟ್ಟಿಯಲ್ಲಿದೆ ದೊಡ್ಡಪ್ಪ, 48 ಭಾಜಕಗಳು. ಆದರೆ ಪಟ್ಟಿಯ ಕೊನೆಗೆ ಹೋಗಿ ನೋಡಿ:

6746328388800

6 ಲಕ್ಷ 74 ಸಾವಿರ ಕೋಟಿಗೂ ಮೇಲೆ! 10080 ಭಾಜಕಗಳು. 10 ಬಿಡಿ, 1ರಿಂದ 28ರವರೆಗೆ ಎಲ್ಲದರಿಂದಲೂ ಭಾಗ ಹೋಗುತ್ತದೆ. 29ರಲ್ಲಿ ನಿಲ್ಲುತ್ತದೆ. ಕಂಪ್ಯೂಟರ್ ಇಲ್ಲದ ಕಾಲ ಅದು.

ಅಣ್ಣ: ಅಷ್ಟುದ್ದದ ಪಟ್ಟಿಯಲ್ಲಿ ಒಂದೂ ತಪ್ಪಿಲ್ವಾ?

ನಾನು: ಒಂದು ಬಿಟ್ಟುಹೋಗಿದೆ. 293318625600. ಅದನ್ನು 23ರಿಂದ ಗುಣಿಸು, ಪಟ್ಟಿಯ ಆ ಕೊನೆಯ ಸಂಖ್ಯೆಯೇ ಬರುತ್ತದೆ. ಇದು ಗೊತ್ತಾದ ದಿನ ನನಗೆ ಅವರ ಮೇಲೆ ಪ್ರೀತಿ ಇನ್ನೂ ಹೆಚ್ಚಾಯಿತು.

ಅತ್ತೆ: ಪಾಪ, ಒಬ್ಬರೇ ಕೂತು ಎಷ್ಟು ಅಂತ ಮಾಡ್ತಾರೆ.

(ಹತ್ತು ನಿಮಿಷ ಯಾರೂ ಏನೂ ಬರೆಯಲಿಲ್ಲ.)

ದೊಡ್ಡಪ್ಪ: ಮೊಬೈಲಿನಲ್ಲಿ 13ರಿಂದ ಭಾಗಿಸಿದೆ. 518948337600. ಚುಕ್ಕಿ ಬರಲಿಲ್ಲ. 29ಕ್ಕೆ ಚುಕ್ಕಿ ಬಂತು. ನೀನು ಹೇಳಿದ್ದು ಸರಿ. ಆದರೆ 2520 ಅಳಿಸುವುದಿಲ್ಲ, ಪಟ್ಟಿಯಲ್ಲಿದೆ ಅಂತ ನೀನೇ ಹೇಳಿದೆ.

ನಾನು: ಅಳಿಸಬೇಡಿ ದೊಡ್ಡಪ್ಪ. ವಾರ, ತಿಂಗಳಿನ ಸಾಲು, ಕಂಡುಹಿಡಿದವರ ಸಾಲು ಎರಡನ್ನೂ ತೆಗೆದು, ಅಲ್ಲಿ ರಾಮಾನುಜನ್ ಅವರ 1915ರ ಪಟ್ಟಿಯಲ್ಲಿದೆ ಅಂತ ಹಾಕಿ ಕಳಿಸಿ.

ದೊಡ್ಡಪ್ಪ: ಆ ದೊಡ್ಡ ಸಂಖ್ಯೆ ಇನ್ನೊಮ್ಮೆ ಹಾಕು. ಮೇಲೆ ಹೋಗಿ ಹುಡುಕಲು ಕಣ್ಣು ಸರಿಯಾಗಿ ಕಾಣಲ್ಲ.

ನಾನು: 6746328388800