ಇನ್ಸುಲಿನ್ ಕೇಳಿದ ಪುಟ್ಟಿಗೆ ದೊಡ್ಡಮ್ಮನ ಉತ್ತರ

ಪುಟ್ಟಿ, ನಿನ್ನ ಮೆಸೇಜ್ ಈಗಷ್ಟೇ ನೋಡಿದೆ. ಫ್ರಾಂಕ್‌ಫರ್ಟ್ ಮೇಲೆ ಶಿಕಾಗೋಗೆ ಟಿಕೆಟ್ ಆಗಿದೆ, ಅಪ್ಪನ ಇನ್ಸುಲಿನ್ ವಿಮಾನದೊಳಗೆ ಬಿಡುತ್ತಾರೋ ಇಲ್ಲವೋ, ಭಯವಾಗುತ್ತಿದೆ ಎಂದು ಬರೆದಿದ್ದೀಯ. ಭಯ ಏಕೆ? ಟೈಪ್ ಮಾಡಲು ನನ್ನ ಕಣ್ಣು ಸಾಲದು, ಬಾಯಲ್ಲೇ ಹೇಳುತ್ತೇನೆ, ವೇಗ ಹೆಚ್ಚಿಸಿ ಕೇಳಬೇಡ.

ಮೊದಲು ಒಂದು ಮಾತು. ಔಷಧಿ ನಿಮ್ಮ ಅಪ್ಪನ ಮೈಮೇಲೆ ಇರಬೇಕು. ಚಕ್ರದ ಬ್ಯಾಗಿನಲ್ಲಿ ಅಲ್ಲ, ಹೆಗಲಿಗೆ ಅಡ್ಡಲಾಗಿ ಹಾಕಿಕೊಳ್ಳುವ ಸಣ್ಣ ಚೀಲದಲ್ಲಿ. ಅವರ ಸ್ವಭಾವ ನಮಗೆಲ್ಲ ಗೊತ್ತಿರುವುದೇ, ಧಾರೆಯ ಹೊತ್ತಿಗೆ ಕನ್ನಡಕ ಎಲ್ಲಿಟ್ಟೆ ಎಂದು ಮಂಟಪವನ್ನೆಲ್ಲ ಹುಡುಕಿಸಿದವರು.

ನಮಗೆ ಏನಾಯಿತು ಎಂದು ಕೇಳು. ನಿನ್ನ ಅಣ್ಣನ ಮನೆಗೆ ಹೋಗುವಾಗ ನಾವೂ ಇದೇ ದಾರಿಯಲ್ಲಿ ಹೋದೆವು. ನಿಮ್ಮ ದೊಡ್ಡಪ್ಪನ ಬಿಪಿ, ಸಕ್ಕರೆ ಕಾಯಿಲೆಯ ಮಾತ್ರೆಗಳಿಗೆಂದು ರವಿಕೆ ಬಟ್ಟೆಯಲ್ಲಿ ನಾನೇ ಚೀಲ ಹೊಲಿದಿದ್ದೆ. ಬೆಳಗಿನ ಮಾತ್ರೆಗೆ ಹಸಿರು ದಾರ, ರಾತ್ರಿಯದಕ್ಕೆ ಕೆಂಪು ದಾರ. ಅದನ್ನು ಇವರು ಕೈಯಲ್ಲಿ ಎಳೆದೊಯ್ಯುವ ಬ್ಯಾಗಿನ ತಳದಲ್ಲಿ ಇಟ್ಟು ಮೇಲೆ ಸ್ವೆಟರ್ ತುಂಬಿದ್ದರು. ಫ್ರಾಂಕ್‌ಫರ್ಟ್‌ನಲ್ಲಿ ಎರಡನೆಯ ವಿಮಾನ ಹತ್ತುವಾಗ ಗೇಟಿನಲ್ಲಿ ಒಬ್ಬಳು ಹುಡುಗಿ ಬಂದು, ಒಳಗೆ ಬ್ಯಾಗ್ ಇಡಲು ಜಾಗವಿಲ್ಲ, ಇದನ್ನು ಕೆಳಗೆ ಹಾಕುತ್ತೇವೆ ಎಂದಳು. ಇವರಿಗೋ ಸಮವಸ್ತ್ರ ಕಂಡರೆ ಸಾಕು. ಬ್ಯಾಂಕಿನಲ್ಲಿ ಆಡಿಟ್ ಮಾಡಲು ಬಂದವರ ಮುಂದೆ ಕೈಕಟ್ಟಿ ನಿಂತ ಅಭ್ಯಾಸ. ಥ್ಯಾಂಕ್ಯೂ ಎಂದು ಬ್ಯಾಗನ್ನು ಅವಳ ಕೈಗೇ ಕೊಟ್ಟರು. ಮಾತ್ರೆ, ಮಾತ್ರೆ ಎಂದು ನಾನು ಹಿಂದಿನಿಂದ ಕೂಗಿದರೆ, ‘ಸುಮ್ಮನಿರು, ಎಲ್ಲರೂ ನೋಡುತ್ತಿದ್ದಾರೆ’ ಎಂದು ನನ್ನನ್ನೇ ಗದರಿದರು.

ಶಿಕಾಗೋದಲ್ಲಿ ಇಳಿದರೆ ಎಲ್ಲರ ಬ್ಯಾಗೂ ಬೆಲ್ಟಿನ ಮೇಲೆ ಬಂತು, ಅದೊಂದು ಬರಲಿಲ್ಲ. ನಾಳೆ ಮನೆಗೆ ತಲುಪಿಸುತ್ತೇವೆ ಎಂದರು, ನಾಳೆ ಎನ್ನುವುದು ನಾಡಿದ್ದಾಯಿತು. ನಮ್ಮ ಗಾಂಧಿ ಬಜಾರಿನ ಮೆಡಿಕಲ್ ಶಾಪಿನಂತೆ ಹಳೆಯ ಸ್ಟ್ರಿಪ್ ತೋರಿಸಿ ಬಿಪಿ ಮಾತ್ರೆ ತರುವ ಹಾಗಿಲ್ಲ ಅಲ್ಲಿ. ಆ ದೇಶದ ಡಾಕ್ಟರೇ ಬರೆದುಕೊಡಬೇಕು. ನಿನ್ನ ಅಣ್ಣ ಆಫೀಸಿಗೆ ರಜೆ ಹಾಕಿ ಇವರನ್ನು ಕ್ಲಿನಿಕ್ಕಿಗೆ ಕರೆದುಕೊಂಡು ಹೋದ. ಅಲ್ಲಿ ನಮ್ಮ ಬ್ರ್ಯಾಂಡಿನ ಹೆಸರು ಹೇಳಿದರೆ ಯಾರಿಗೂ ತಿಳಿಯಲಿಲ್ಲ. ಕೊನೆಗೆ ನಮ್ಮ ಡಾಕ್ಟರ ಚೀಟಿಯ ಫೋಟೋ ಮಗನ ಮೊಬೈಲಿನಲ್ಲಿ ಸಿಕ್ಕಿತು, ಅದರಲ್ಲಿ ಟೆಲ್ಮಿಸಾರ್ಟನ್, ಮೆಟ್‌ಫಾರ್ಮಿನ್ ಎಂದು ಒಳಗಿನ ಔಷಧಿಯ ಹೆಸರು ಇದ್ದದ್ದರಿಂದ ಬಚಾವಾದೆವು. ಬಿಲ್ ಎಷ್ಟಾಯಿತು ಎಂದು ಅವನು ಇವತ್ತಿಗೂ ಬಾಯಿ ಬಿಟ್ಟಿಲ್ಲ.

ಅದಕ್ಕೇ ಇನ್ನೊಮ್ಮೆ ಹೇಳುತ್ತಿದ್ದೇನೆ. ಗೇಟಿನಲ್ಲಿ ಯಾರು ಬಂದು ಬ್ಯಾಗ್ ಕೇಳಿದರೂ ಕೊಡಲಿ, ಬೇಡ ಎನ್ನುವುದಿಲ್ಲ. ಔಷಧಿ ಮಾತ್ರ ಮೈಮೇಲೆ ಇರಲಿ. ಕೇಳಿಸಿತೇ?

ಇನ್ನು ತಮಾಷೆ ನೋಡು. ನಮ್ಮ ಮಾತ್ರೆ ಬರಲಿಲ್ಲ, ಆದರೆ ಊರವರ ಗಂಟು ಮಾತ್ರ ನಮಗಿಂತ ಮೊದಲೇ ಬಂದು ಕೂತಿತ್ತು. ಶಿವಮೊಗ್ಗದ ಅತ್ತಿಗೆ ತಮ್ಮ ಮಗಳಿಗೆಂದು ಕೊಟ್ಟ ಗಂಟು. ಅವರೂ ಈ ಗುಂಪಿನಲ್ಲಿದ್ದಾರೆ, ಕೇಳಿಸಿಕೊಳ್ಳಲಿ. ಅರ್ಧ ಕಿಲೋ ಚಟ್ನಿ ಪುಡಿ ಅಷ್ಟೇ ಎಂದರು. ಬಂದದ್ದು ಮೆಂತ್ಯದ ಹಿಟ್ಟು, ಹುಳಿಪುಡಿ, ಅಪ್ಪೆಮಿಡಿ ಉಪ್ಪಿನಕಾಯಿ, ಬಾಳಕದ ಮೆಣಸಿನಕಾಯಿ. ಒಂದು ಸೂಟ್‌ಕೇಸಿಗೆ 23 ಕಿಲೋ ಮಿತಿ, ಕೊನೆಗೆ ನನ್ನ ಮೈಸೂರು ಸಿಲ್ಕ್ ಸೀರೆ ತೆಗೆದು ಬೀರುವಿಗೆ ವಾಪಸ್ ಇಟ್ಟೆ. ಸಾಲದೆಂದು ಮಧ್ಯದಲ್ಲಿ ಪೇಪರಿನಲ್ಲಿ ಸುತ್ತಿದ ಹಸಿ ಕರಿಬೇವು! ತಿನ್ನುವ ಪದಾರ್ಥ ಇದೆ ಎಂದು ಶಿಕಾಗೋದ ಕಸ್ಟಮ್ಸ್‌ನಲ್ಲಿ ನಾವು ಮೊದಲೇ ಹೇಳಿದ್ದರಿಂದ ದಂಡ ಬೀಳಲಿಲ್ಲ, ಅಧಿಕಾರಿ ಸೊಪ್ಪನ್ನು ಎತ್ತಿ ಕಸಕ್ಕೆ ಹಾಕಿದ. ಕರಿಬೇವಿನಲ್ಲಿ ಇರುವ ಒಂದು ಹುಳದಿಂದ ಅಲ್ಲಿನ ಕಿತ್ತಳೆ, ನಿಂಬೆ ಮರಗಳಿಗೆ ರೋಗ ಹತ್ತುತ್ತದೆಯಂತೆ, ಅದಕ್ಕೇ ಬಿಡುವುದಿಲ್ಲ. ಇಷ್ಟೆಲ್ಲ ಹೊತ್ತು ತಂದರೆ ಆ ಹುಡುಗಿ ಬರಲೂ ಇಲ್ಲ, ಗಂಡನನ್ನು ಕಳಿಸಿದಳು. ಅವನು ಶೂ ಕೂಡ ಬಿಚ್ಚದೆ ಬಾಗಿಲಲ್ಲೇ ಗಂಟು ಇಸಿದುಕೊಂಡು ಹೋದ. ಕಾಫಿ ಹಾಕಿ ಇಟ್ಟಿದ್ದೆ. ತಲುಪಿತು ಎಂದು ಒಂದು ಫೋನ್? ಅದೂ ಇಲ್ಲ. ಆಮೇಲೆ ಶಿವಮೊಗ್ಗದಿಂದಲೇ ಫೋನ್ ಬಂತು, ಕರಿಬೇವು ಏನಾಯಿತು ಎಂದು ಕೇಳಲು! ಪುಟ್ಟಿ, ನಿನಗೂ ಈ ವಾರ ಒಬ್ಬೊಬ್ಬರೇ ಫೋನ್ ಮಾಡುತ್ತಾರೆ ನೋಡುತ್ತಿರು. ತೂಕ ಮುಗಿದಿದೆ ಎಂದುಬಿಡು.

ಅಯ್ಯೋ, ನೀನು ಕೇಳಿದ್ದು ಇನ್ಸುಲಿನ್ ಅಲ್ಲವೇ. ಬಿಡುತ್ತಾರೆ ಕಣೇ, ಧಾರಾಳವಾಗಿ ಬಿಡುತ್ತಾರೆ. ಕೆಳಗೆ ಹೋಗುವ ಸೂಟ್‌ಕೇಸಿನಲ್ಲಿ ಮಾತ್ರ ಇಡಬಾರದು, ಅಲ್ಲಿಯ ಚಳಿಗೆ ಹೆಪ್ಪುಗಟ್ಟಿದರೆ ಆಮೇಲೆ ಕೆಲಸಕ್ಕೆ ಬರುವುದಿಲ್ಲ. ಬಳಸುತ್ತಿರುವ ಇನ್ಸುಲಿನ್ ಪೆನ್ನಿಗೆ ಫ್ರಿಜ್ ಬೇಕಿಲ್ಲ. ಹೊಸವನ್ನು ತಂಪಿನ ಚೀಲದಲ್ಲಿ ಇಡು, ಐಸ್‌ಗೆ ನೇರವಾಗಿ ತಾಗದ ಹಾಗೆ. ಔಷಧಿಯ ಹೆಸರಿರುವ ಡಬ್ಬಿ ಎಸೆಯಬೇಡ. ಸೂಜಿಗಳ ವಿಷಯವನ್ನೂ ಸೇರಿಸಿ ಡಾಕ್ಟರ ಹತ್ತಿರ ಇಂಗ್ಲಿಷಿನಲ್ಲಿ ಒಂದು ಪತ್ರ ಬರೆಸಿಕೊಂಡು, ಅದರ ಫೋಟೋ ನೀನೂ ಇಟ್ಟುಕೋ, ನಿನ್ನ ಅಣ್ಣನಿಗೂ ಕಳಿಸು. ಬೆಂಗಳೂರಿನಲ್ಲಿ ತಪಾಸಣೆ ಆದರೂ ಫ್ರಾಂಕ್‌ಫರ್ಟ್‌ನಲ್ಲಿ ಮತ್ತೊಮ್ಮೆ ಆಗುತ್ತದೆ, ಎರಡೂ ಕಡೆ ಚೀಲ ಯಂತ್ರಕ್ಕೆ ಇಡುವ ಮೊದಲೇ ಇನ್ಸುಲಿನ್ ಇದೆ ಎಂದು ಹೇಳಬೇಕು. ದ್ರವ ನೂರು ಮಿಲಿ ಮೀರಬಾರದು ಎನ್ನುವ ನಿಯಮ ಔಷಧಿಗೆ ಇಲ್ಲ, ಉಪ್ಪಿನಕಾಯಿಗೆ ಇದೆ.

ಬೇಸಿಗೆಯಲ್ಲಿ ಶಿಕಾಗೋ ನಮಗಿಂತ ಹತ್ತೂವರೆ ಗಂಟೆ ಹಿಂದೆ. ಯಾವ ಡೋಸ್ ಯಾವಾಗ ಎಂದು ಹೊರಡುವ ಮೊದಲೇ ಡಾಕ್ಟರಲ್ಲಿ ಬರೆಸಿಕೊಳ್ಳಿ, ನಿಮ್ಮ ದೊಡ್ಡಪ್ಪನನ್ನು ಕೇಳಬೇಡಿ. ವಿಮಾನದ ಊಟ ತಡವಾದರೆ ಎಂದು ಬಿಸ್ಕತ್ತು, ಗ್ಲೂಕೋಸ್ ಅದೇ ಚೀಲದಲ್ಲಿರಲಿ. ಎರಡು ವಿಮಾನಗಳ ನಡುವೆ ಸಮಯ ಕಡಿಮೆ ಎಂದೆಯಲ್ಲ, ವೀಲ್‌ಚೇರ್ ಈಗಲೇ ಟಿಕೆಟ್ಟಿಗೆ ಸೇರಿಸಿಬಿಡು. ಅದನ್ನು ತಳ್ಳುವವರಿಗೆ ದಾರಿ ಗೊತ್ತಿರುತ್ತದೆ, ಅವರೇ ಕರೆದೊಯ್ಯುತ್ತಾರೆ. ನನಗೇಕೆ ವೀಲ್‌ಚೇರ್ ಎಂದು ನಿಮ್ಮ ಅಪ್ಪ ಹಟ ಹಿಡಿದರೆ ನನಗೆ ಫೋನ್ ಕೊಡು.