ಇಡೀ ರಾತ್ರಿಯ ಬಯಲಾಟದ ಮಲ್ಟಿಟ್ರ್ಯಾಕ್ ರೆಕಾರ್ಡಿಂಗ್‌ಗೆ ಯಾವ ಲ್ಯಾಪ್‌ಟಾಪ್?

ಹಿಮ್ಮೇಳಪ್ರಿಯ:
ಯಕ್ಷಗಾನ ಬಯಲಾಟವನ್ನು ಬೇರೆ ಬೇರೆ ಟ್ರ್ಯಾಕ್‌ಗಳಲ್ಲಿ ಹಿಡಿಯಬೇಕು. ಮಿಕ್ಸರ್ ಬೆಹ್ರಿಂಗರ್ ಎಕ್ಸ್‌ಆರ್18, ಅಲ್ಲಿಂದ ಯುಎಸ್‌ಬಿ ಮೂಲಕ ಲ್ಯಾಪ್‌ಟಾಪಿಗೆ, ಸಾಫ್ಟ್‌ವೇರ್ ರೀಪರ್. ಭಾಗವತರಿಗೆ ಒಂದು ಮೈಕ್, ಮದ್ದಳೆಗೆ ಎರಡು, ಚೆಂಡೆಗೆ ಎರಡು, ಚಕ್ರತಾಳಕ್ಕೆ ಒಂದು, ಶ್ರುತಿಪೆಟ್ಟಿಗೆಗೆ ಒಂದು, ರಂಗಸ್ಥಳದಲ್ಲಿ ಅರ್ಥಗಾರಿಕೆಗೆ ಮೂರು, ಸಭೆಯ ಕಡೆಗೆ ಎರಡು. ಒಟ್ಟು 12 ಟ್ರ್ಯಾಕ್, 24 ಬಿಟ್, 48 ಕಿಲೋಹರ್ಟ್ಸ್. ರಾತ್ರಿ 9:30ಕ್ಕೆ ಶುರುವಾದರೆ ಬೆಳಗ್ಗೆ 6ಕ್ಕೆ ಮುಗಿಯುತ್ತದೆ. ಕರೆಂಟ್ ಜನರೇಟರಿನದು. ಹೊಸ ಗೇಮಿಂಗ್ ಲ್ಯಾಪ್‌ಟಾಪ್, ಸೆಕೆಂಡ್‌ಹ್ಯಾಂಡ್ ಥಿಂಕ್‌ಪ್ಯಾಡ್ ಟಿ480, ಎಂ1 ಮ್ಯಾಕ್‌ಬುಕ್ ಏರ್: ಈ ಮೂರರಲ್ಲಿ ಯಾವುದು?

ಕೇಬಲ್‌ಗಂಟು:
ಗೇಮಿಂಗ್ ಲ್ಯಾಪ್‌ಟಾಪ್ ಬೇಡ. ಮೊದಲು ಲೆಕ್ಕ ನೋಡಿ. 24 ಬಿಟ್ ಎಂದರೆ 3 ಬೈಟ್, ಹಾಗಾಗಿ ಒಂದು ಟ್ರ್ಯಾಕಿಗೆ ಸೆಕೆಂಡಿಗೆ 48,000 × 3 = 1,44,000 ಬೈಟ್, ಅಂದರೆ ಗಂಟೆಗೆ 518 ಎಂಬಿ. 12 ಟ್ರ್ಯಾಕ್, ಎಂಟೂವರೆ ಗಂಟೆಗೆ ಸುಮಾರು 53 ಜಿಬಿ. ಡಿಸ್ಕಿಗೆ ಬರೆಯುವ ವೇಗ ಸೆಕೆಂಡಿಗೆ 1.7 ಎಂಬಿ ಅಷ್ಟೆ. ಯಾವ ಎಸ್‌ಎಸ್‌ಡಿಗೂ ಇದು ಭಾರವಲ್ಲ, ಪ್ರೊಸೆಸರಿಗಂತೂ ಕೆಲಸವೇ ಇಲ್ಲ. ದುಬಾರಿ ಗ್ರಾಫಿಕ್ಸ್ ಕಾರ್ಡಿನಿಂದ ನಿಮಗೆ ಸಿಗುವುದು ಶಾಖ ಮಾತ್ರ. ಅದರ ಡ್ರೈವರ್ ನಡುವೆ ತಲೆಹಾಕಿದರೆ ಧ್ವನಿಯಲ್ಲಿ ಟಿಕ್ ಟಿಕ್ ಸದ್ದು ಬೇರೆ.

ಬರೀ ರೆಕಾರ್ಡಿಂಗ್‌ಗೆ 8 ಜಿಬಿ ರ‍್ಯಾಮ್ ಸಾಕು. ಮಿಕ್ಸಿಂಗ್ ಕೂಡ ಅದರಲ್ಲೇ ಆಗಬೇಕಾದರೆ 16 ಇರಲಿ. ಟಿ480ರಲ್ಲಿ ರ‍್ಯಾಮ್ ಆಮೇಲೂ ಹಾಕಬಹುದು, ಅದರ ಎರಡು ಬ್ಯಾಟರಿಗಳಲ್ಲಿ ಹಿಂಬದಿಯದನ್ನು ಯಂತ್ರ ಚಾಲೂ ಇರುವಾಗಲೇ ಬದಲಿಸಬಹುದು. ಸೆಕೆಂಡ್‌ಹ್ಯಾಂಡ್ ಆದ್ದರಿಂದ ಎರಡೂ ಬ್ಯಾಟರಿಗಳ ಆರೋಗ್ಯ ಪರೀಕ್ಷಿಸಿ, ಯುಎಸ್‌ಬಿ ಪೋರ್ಟಿಗೆ ಕೇಬಲ್ ಹಾಕಿ ಅಲ್ಲಾಡಿಸಿ ನೋಡಿ. ಪೋರ್ಟ್ ಸಡಿಲ ಇದ್ದರೆ ಎಷ್ಟೇ ಅಗ್ಗವಾದರೂ ಬಿಡಿ. ಮ್ಯಾಕ್‌ನಲ್ಲಿ ಎಕ್ಸ್‌ಆರ್18ಕ್ಕೆ ಬೇರೆ ಡ್ರೈವರ್ ಬೇಡ, ಫ್ಯಾನೂ ಇಲ್ಲ. ಆದರೆ ರ‍್ಯಾಮ್ ಕೊಂಡಷ್ಟೇ. ಬಜೆಟ್ ಇದ್ದರೆ ಏರ್, ಇಲ್ಲದಿದ್ದರೆ ಕಣ್ಣುಮುಚ್ಚಿ ಟಿ480.

ಶ್ರುತಿಪೆಟ್ಟಿಗೆ:
ವಿಂಡೋಸ್ ಯಂತ್ರವನ್ನು ತಂದ ಹಾಗೆಯೇ ಆಟಕ್ಕೆ ಒಯ್ಯಬೇಡಿ. ಬೆಹ್ರಿಂಗರ್‌ನ ಎಎಸ್‌ಐಒ ಡ್ರೈವರ್ (ಧ್ವನಿಯನ್ನು ವಿಂಡೋಸ್‌ನ ಮಿಕ್ಸರ್ ಬಳಸಿ ಸುತ್ತಿಸದೆ ನೇರ ರೀಪರ್‌ಗೆ ಕೊಡುವಂಥದ್ದು) ಹಾಕಿ ರೀಪರ್‌ನಲ್ಲಿ ಅದನ್ನೇ ಆರಿಸಿ. ಪವರ್ ಪ್ಲಾನಿನಲ್ಲಿ ಯುಎಸ್‌ಬಿ ಸೆಲೆಕ್ಟಿವ್ ಸಸ್ಪೆಂಡ್ (ಕರೆಂಟ್ ಉಳಿಸಲು ಯುಎಸ್‌ಬಿ ಸಾಧನವನ್ನು ಮಲಗಿಸುವ ಆಯ್ಕೆ) ಆಫ್, ಸ್ಲೀಪ್ ಆಫ್, ಮುಚ್ಚಳ ಮುಚ್ಚಿದರೂ ಏನೂ ಆಗದಂತೆ ಸೆಟ್ಟಿಂಗ್. ಅಪ್‌ಡೇಟ್ ಒಂದು ವಾರ ನಿಲ್ಲಿಸಿ. ಆಮೇಲೆ ಲೇಟೆನ್ಸಿಮಾನ್ ಎಂಬ ಉಚಿತ ಸಾಧನವನ್ನು ಅರ್ಧ ಗಂಟೆ ಓಡಿಸಿ. ಯಾವ ಡ್ರೈವರ್ ತಡೆಯುತ್ತಿದೆ ಎಂದು ಹೆಸರು ಸಮೇತ ತೋರಿಸುತ್ತದೆ. ಹೆಚ್ಚಿನ ಸಲ ಸಿಕ್ಕಿಬೀಳುವುದು ವೈಫೈ. ಆಟದ ಹೊತ್ತಿಗೆ ಅದನ್ನು ಆಫ್ ಮಾಡಿ, ಮಿಕ್ಸರನ್ನು ಬೇರೆ ಟ್ಯಾಬ್ಲೆಟ್‌ನಿಂದ ನಡೆಸಿ.

ಬಫರ್ (ಧ್ವನಿಯನ್ನು ಸ್ವಲ್ಪ ಹೊತ್ತು ಕೂಡಿಟ್ಟು ಒಟ್ಟಿಗೆ ಸಾಗಿಸುವ ಜಾಗ) 1024 ಸ್ಯಾಂಪಲ್ ಇಡಿ. ಅದು 21 ಮಿಲಿಸೆಕೆಂಡ್ ತಡ, ಆದರೆ ಮಾನಿಟರಿಗೆ ಧ್ವನಿ ನೇರ ಮಿಕ್ಸರಿನಿಂದ ಹೋಗುವುದರಿಂದ ಭಾಗವತರಿಗೆ ಗೊತ್ತೇ ಆಗುವುದಿಲ್ಲ. ಸಣ್ಣ ಬಫರ್ ಇಟ್ಟು ಲಾಭವಿಲ್ಲ, ಅಪಾಯ ಮಾತ್ರ.

ಹಿಮ್ಮೇಳಪ್ರಿಯ:
ಜನರೇಟರ್ ನಡುವೆ ನಿಂತರೆ? ಲ್ಯಾಪ್‌ಟಾಪಿಗೆ ಬ್ಯಾಟರಿ ಇದೆ ಎಂಬ ಧೈರ್ಯದಲ್ಲಿದ್ದೇನೆ.

ಕೇಬಲ್‌ಗಂಟು:
ಲ್ಯಾಪ್‌ಟಾಪ್ ಉಳಿಯುತ್ತದೆ, ಮಿಕ್ಸರ್ ಉಳಿಯುವುದಿಲ್ಲ. ಮಿಕ್ಸರ್ ಆರಿದ ಕ್ಷಣ ರೀಪರ್‌ಗೆ ಆಡಿಯೋ ಸಾಧನವೇ ಮಾಯ, ರೆಕಾರ್ಡಿಂಗ್ ಅಲ್ಲಿಗೆ ನಿಲ್ಲುತ್ತದೆ. ಹಾಗಾಗಿ ಯುಪಿಎಸ್ ಬೇಕಾದದ್ದು ಮಿಕ್ಸರಿಗೆ. ಡೀಸೆಲ್ ತುಂಬಿಸುವ ಐದು ನಿಮಿಷ ದಾಟಿಸಲು 600 ವಿಎಯ ಸಾಮಾನ್ಯ ಯುಪಿಎಸ್ ಸಾಕು. ಆದರೆ ಜನರೇಟರಿನ ಫ್ರೀಕ್ವೆನ್ಸಿ ಏರಿಳಿದರೆ ಕೆಲವು ಯುಪಿಎಸ್‌ಗಳು ಪದೇ ಪದೇ ಬ್ಯಾಟರಿಗೆ ಹಾರಿ, ಅಗತ್ಯ ಬಿದ್ದಾಗ ಖಾಲಿಯಾಗಿರುತ್ತವೆ. ಅದೇ ಜನರೇಟರಿಗೆ ಹಾಕಿ ಮೊದಲೇ ನೋಡಿ.

ಚಾರ್ಜರ್ ಚುಚ್ಚಿದ ಕೂಡಲೇ ಸ್ಪೀಕರಿನಲ್ಲಿ ಗುಂಯ್ ಎಂದರೆ ಗ್ರೌಂಡ್ ಲೂಪ್, ಅಂದರೆ ಎರಡು ಅರ್ಥ್ ದಾರಿಗಳ ನಡುವೆ ಕರೆಂಟ್ ಸುತ್ತುವುದು. ಚಾರ್ಜರನ್ನೂ ಮಿಕ್ಸರನ್ನೂ ಒಂದೇ ಬೋರ್ಡಿಗೆ ಹಾಕಿ. ಅರ್ಥ್ ಪಿನ್ ಮಾತ್ರ ಯಾವ ಕಾರಣಕ್ಕೂ ಕತ್ತರಿಸಬೇಡಿ: ಒದ್ದೆ ನೆಲದ ಮೇಲೆ ಬರಿಗಾಲಲ್ಲಿ ನಿಂತು ಮೈಕ್ ಮುಟ್ಟುವವರು ಅಲ್ಲಿದ್ದಾರೆ.

ರಾತ್ರಿಪಾಳಿ:
ಯಾರೂ ಹೇಳದ ಒಂದು ವಿಷಯ. ಸಾಧಾರಣ ವೇವ್ ಫೈಲಿಗೆ 4 ಜಿಬಿ ಮಿತಿ. ನಿಮ್ಮ ಲೆಕ್ಕದ ಒಂದು ಮೊನೊ ಟ್ರ್ಯಾಕ್ ಅದನ್ನು ಮುಟ್ಟುವುದು 8 ಗಂಟೆ 17 ನಿಮಿಷಕ್ಕೆ, ಅಂದರೆ ಬೆಳಗ್ಗೆ 5:47ಕ್ಕೆ, ಮಂಗಳ ಹಾಡುವ ಹೊತ್ತಿಗೆ. ಪ್ರಾಜೆಕ್ಟ್ ಸೆಟ್ಟಿಂಗಿನಲ್ಲಿ ದೊಡ್ಡ ಫೈಲುಗಳಿಗೆ ಆರ್‌ಎಫ್64 (ಆ ಮಿತಿ ಇಲ್ಲದ ವೇವ್ ರೂಪ) ಆರಿಸಿ. ಅದಕ್ಕಿಂತ ಒಳ್ಳೆಯದು, ಇಂತಿಷ್ಟು ಎಂಬಿಗೊಮ್ಮೆ ಹೊಸ ಫೈಲ್ ಶುರುಮಾಡುವ ಆಯ್ಕೆಯಲ್ಲಿ 1000 ಹಾಕುವುದು. ಸುಮಾರು ಎರಡು ಗಂಟೆಗೊಂದು ಫೈಲ್ ಆಗುತ್ತದೆ, ಯಂತ್ರ ಕೈಕೊಟ್ಟರೂ ಹಿಂದಿನ ತುಂಡುಗಳು ಸುರಕ್ಷಿತ.

ರೆಕಾರ್ಡಿಂಗ್ ಒಳಗಿನ ಎಸ್‌ಎಸ್‌ಡಿಗೇ ಆಗಲಿ, ಹೊರಗಿನದಕ್ಕೆ ಆಟ ಮುಗಿದ ಮೇಲೆ ನಕಲು. ಚೆಂಡೆಯ ಗೇನ್ ಇಡುವಾಗ ಪೀಠಿಕೆಯ ಪೆಟ್ಟು ನೋಡಿ ಮೋಸಹೋಗಬೇಡಿ. ಯುದ್ಧದ ಸನ್ನಿವೇಶಕ್ಕೆ ಪೆಟ್ಟು ಎಷ್ಟೋ ಜೋರಾಗುತ್ತದೆ. ಪರೀಕ್ಷೆಯಲ್ಲಿ ಅತಿ ಜೋರಿನ ಪೆಟ್ಟು ಮೀಟರಿನಲ್ಲಿ ಮೈನಸ್ 12 ಡೆಸಿಬಲ್‌ನ ಕೆಳಗಿರಲಿ. ಮಿಕ್ಸರಿನ ಪ್ರೀಆಂಪಿನಲ್ಲೇ (ಮೈಕಿನ ಧ್ವನಿಯನ್ನು ಹಿಗ್ಗಿಸುವ ಭಾಗದಲ್ಲೇ) ಒಡೆದ ಧ್ವನಿಯನ್ನು 32 ಬಿಟ್ ಫೈಲೂ ಸರಿಮಾಡದು.

ಚಳಿಗಾಲದ ಆಟವಾದರೆ ಇಬ್ಬನಿ ಬೀಳುತ್ತದೆ. ಲ್ಯಾಪ್‌ಟಾಪಿನ ಮೇಲೆ ಒಂದಡಿ ಎತ್ತರಕ್ಕೆ ಟಾರ್ಪಾಲು ಕಟ್ಟಿ. ಮೇಲೇ ಹೊದಿಸಿದರೆ ಗಾಳಿಯ ಕಿಂಡಿ ಮುಚ್ಚುತ್ತದೆ.